ಡಯಲ್ ಆಗುತ್ತೆ, ಕನೆಕ್ಟ್ ಅನ್ನುತ್ತೆ, ಅರ್ಧ ನಿಮಿಷಕ್ಕೆ ಕಟ್: ಲಿನಕ್ಸ್‌ನಲ್ಲಿ ಡಯಲ್-ಅಪ್ ಎಲ್ಲಿ ಎಡವುತ್ತದೆ?

ಪ್ರಶ್ನೆ: ಸರ್, ಒಂದು ಹಳೆ ಡೆಸ್ಕ್‌ಟಾಪ್‌ಗೆ ಡೆಬಿಯನ್ ಲಿನಕ್ಸ್ ಹಾಕಿಕೊಂಡಿದ್ದೇನೆ. ನಾನಿರುವ ಕಡೆ ಲ್ಯಾಂಡ್‌ಲೈನ್ ಬಿಟ್ಟರೆ ಬೇರೆ ಗತಿ ಇಲ್ಲ, ಹಾಗಾಗಿ ಡಯಲ್-ಅಪ್ಪೇ. ಒಳಗಿದ್ದ ಮೋಡೆಮ್ ಕಾರ್ಡನ್ನು ಲಿನಕ್ಸ್ ಗುರುತೇ ಹಿಡಿಯಲಿಲ್ಲ, ಆಮೇಲೆ ಸೀರಿಯಲ್ ಪೋರ್ಟಿಗೆ ಹಾಕುವ ಹೊರಗಿನ ಮೋಡೆಮ್ ಜೋಡಿಸಿದೆ. ಡಬ್ಲ್ಯೂವಿಡಯಲ್ ಅನ್ನೋ ಡಯಲ್ ಮಾಡುವ ಪ್ರೋಗ್ರಾಂ ಓಡಿಸಿದರೆ ನಂಬರ್ ಡಯಲ್ ಆಗುತ್ತೆ, ಕಿರ್ರ್ ಅಂತ ಸದ್ದು ಬರುತ್ತೆ, ‘ಕನೆಕ್ಟ್ 115200’ ಅಂತ ತೋರಿಸುತ್ತೆ. ನಡುವೆ ‘ಲಾಗಿನ್’ ಅಂತ ಏನೋ ಬಂದು ಹೋಗುತ್ತೆ, ‘ಡೋಂಟ್ ನೋ ವಾಟ್ ಟು ಡೂ’ ಅನ್ನೋ ಸಾಲು ಬರುತ್ತೆ, ಅರ್ಧ ನಿಮಿಷ ಸುಮ್ನೆ ಇದ್ದು ಲೈನ್ ಕಟ್. ಹತ್ತರಲ್ಲಿ ಒಂದು ಸಲ ನಿಲ್ಲುತ್ತೆ, ಆದರೆ ಬ್ರೌಸರಿನಲ್ಲಿ ಒಂದು ಪುಟವೂ ತೆರೆಯೋದಿಲ್ಲ. ಇದೇ ಮೋಡೆಮ್, ಇದೇ ಲೈನ್ ವಿಂಡೋಸ್‌ನಲ್ಲಿ ಚೆನ್ನಾಗೇ ಇತ್ತು. ಇನಿಟ್ ಸ್ಟ್ರಿಂಗ್ (ಡಯಲ್ ಮಾಡುವ ಮುಂಚೆ ಮೋಡೆಮ್ಮಿಗೆ ಹೋಗುವ ಆಜ್ಞೆಗಳ ಸಾಲು) ಏಳೆಂಟು ಥರ ಬದಲಾಯಿಸಿ ನೋಡಿದೆ, ವೇಗ ಇಳಿಸಿ ನೋಡಿದೆ. ಪ್ರಿಂಟರ್‌ಗೋಸ್ಕರ ಇದೇ ಡೆಸ್ಕ್‌ಟಾಪಿನ ನೆಟ್‌ವರ್ಕ್ ಕಾರ್ಡಿಗೆ ಒಂದು ಹಳೆ ರೂಟರ್ ಕೂಡ ಸಿಕ್ಕಿಸಿದ್ದೇನೆ. ಮೋಡೆಮ್ ಹೋಗಿದೆಯಾ?

ಉತ್ತರ: ಮೋಡೆಮ್ ಹೋಗಿಲ್ಲ. ಅದನ್ನು ಮೊದಲು ತಲೆಯಿಂದ ತೆಗೆದುಹಾಕಿ. ಕೆಟ್ಟ ಮೋಡೆಮ್ ‘ಕನೆಕ್ಟ್’ ಅನ್ನೋದಿಲ್ಲ. ನಂಬರ್ ಒತ್ತಿ, ಆ ಕಡೆಯ ಮೋಡೆಮ್ ಜೊತೆ ಕಿರುಚಾಡಿ, ಇಬ್ಬರೂ ಒಂದು ವೇಗಕ್ಕೆ ಒಪ್ಪಿಕೊಂಡ ಮೇಲೇ ಆ ಪದ ಬರೋದು. ಅಂದರೆ ಕೇಬಲ್ ಸರಿ, ಪೋರ್ಟ್ ಸರಿ, ಫೋನ್ ಲೈನ್ ಸರಿ, ನಂಬರ್ ಸರಿ. ನೀವು ಏಳೆಂಟು ಸಲ ಬದಲಾಯಿಸಿದ ಇನಿಟ್ ಸ್ಟ್ರಿಂಗ್ ಕೆಲಸ ಮಾಡೋದು ಈ ಹಂತದವರೆಗೆ ಮಾತ್ರ, ನಿಮ್ಮ ತೊಂದರೆ ಶುರುವಾಗೋದು ಇದಾದ ಮೇಲೆ. ತಲೆನೋವಿಗೆ ಕಾಲಿಗೆ ಎಣ್ಣೆ ಹಚ್ಚಿದ ಹಾಗಾಗಿದೆ, ಅಷ್ಟೇ.

ಮುಂದೆ ಹೋಗುವ ಮುಂಚೆ ಒಂದು ಮಾತು. ಆಜ್ಞೆಗಳನ್ನು, ಫೈಲ್ ಹೆಸರುಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ, ‘ಎಟಿ’ ಇಂದ ಶುರುವಾಗುವ ಮೋಡೆಮ್ ಆಜ್ಞೆಗಳಿಗೆ ದೊಡ್ಡಕ್ಷರ, ಬೇರೆ ಎಲ್ಲಾದರೂ ದೊಡ್ಡಕ್ಷರ ಬೇಕಿದ್ದರೆ ಅಲ್ಲೇ ಹೇಳುತ್ತೇನೆ.

ಈಗ ಆ ಅರ್ಧ ನಿಮಿಷದ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನಗೆ ಅತಿ ಉಪಯೋಗಕ್ಕೆ ಬಂದ ಮಾತು ಅದೇ. ಮೋಡೆಮ್‌ಗಳು ಕೈಕುಲುಕಿದ ಮೇಲೆ ಪಿಪಿಪಿಡಿ ಅನ್ನುವ ಪ್ರೋಗ್ರಾಂ ಕೆಲಸ ವಹಿಸಿಕೊಳ್ಳುತ್ತದೆ. ಪಿಪಿಪಿ ಅಂದರೆ ಫೋನ್ ಲೈನಿನ ಮೇಲೆ ಇಂಟರ್ನೆಟ್ ಸಂಪರ್ಕ ನಡೆಸುವ ಭಾಷೆ, ಅದನ್ನು ಆಡುವುದೇ ಈ ಪ್ರೋಗ್ರಾಂ ಕೆಲಸ. ಅದು ಆ ಕಡೆಯವರಿಗೆ ‘ಮಾತಾಡೋಣವಾ, ನನ್ನ ಷರತ್ತು ಹೀಗಿವೆ’ ಅಂತ ಒಂದು ಎಲ್‌ಸಿಪಿ (ಪಿಪಿಪಿಯ ಮೊದಲ ಮಾತುಕತೆ) ಪ್ಯಾಕೆಟ್ ಕಳಿಸುತ್ತದೆ. ಉತ್ತರ ಬರಲಿಲ್ಲ ಅಂದರೆ 3 ಸೆಕೆಂಡ್ ಕಾದು ಮತ್ತೆ ಕಳಿಸುತ್ತದೆ. ಹೀಗೆ 10 ಸಲ. ಹತ್ತಕ್ಕೂ ಉತ್ತರವಿಲ್ಲ ಅಂದರೆ ‘ಎಲ್‌ಸಿಪಿ ಟೈಮ್‌ಔಟ್’ ಅಂತ ಲಾಗಿನಲ್ಲಿ ಬರೆದು ಫೋನ್ ಇಟ್ಟುಬಿಡುತ್ತದೆ. ಹತ್ತು ಮೂರಲ ಮೂವತ್ತು. ನಿಮ್ಮ ಅರ್ಧ ನಿಮಿಷ ಬಂದದ್ದು ಅಲ್ಲಿಂದ.

ಕಟ್ ಆಗೋಕೆ ಎಷ್ಟು ಹೊತ್ತು ಹಿಡಿಯಿತು ಅನ್ನೋದರ ಮೇಲೆಯೇ ಎಷ್ಟೋ ಹೇಳಬಹುದು. ಕನೆಕ್ಟ್ ಆಗಿ ನಾಲ್ಕೈದು ಸೆಕೆಂಡಿಗೆ ಕಟ್ ಆದರೆ ಹೆಚ್ಚಾಗಿ ಪಾಸ್‌ವರ್ಡ್ ತಕರಾರು, ಆಗ ಪಿಪಿಪಿಡಿ 19 ಅನ್ನೋ ಕೋಡ್ ಕೊಟ್ಟು ಹೊರಗೆ ಬರುತ್ತದೆ. ಮೂವತ್ತು ಸೆಕೆಂಡ್ ಅಂದರೆ ಆ ಕಡೆ ಪಿಪಿಪಿ ಮಾತಾಡುವವರೇ ಇಲ್ಲ, ಆಗ ಕೋಡ್ 10. ಚೆನ್ನಾಗಿ ಓಡುತ್ತಾ ಇದ್ದು ಯಾವಾಗಲೋ ಒಮ್ಮೆ ಬಿದ್ದರೆ ಕೋಡ್ 16, ಲೈನ್ ಗಲಾಟೆ, ಇಲ್ಲಾ ಕಾಲ್ ವೇಟಿಂಗ್‌ನ ಬೀಪ್, ಇಲ್ಲಾ ಪಕ್ಕದ ರೂಮಿನಲ್ಲಿ ಯಾರೋ ಎಕ್ಸ್‌ಟೆನ್ಷನ್ ಫೋನ್ ಎತ್ತಿದ್ದಾರೆ. ಪ್ರತಿ ಸಲ ಸರಿಯಾಗಿ ಅಷ್ಟೇ ನಿಮಿಷಕ್ಕೆ ಬಿದ್ದರೆ ಯಾರೋ ಟೈಮರ್ ಇಟ್ಟಿದ್ದಾರೆ ಅಂತ ಅರ್ಥ, ನೀವೋ ಅವರೋ. ಡಬ್ಲ್ಯೂವಿಡಯಲ್‌ನಲ್ಲೂ, ಪಿಪಿಪಿಡಿಯಲ್ಲೂ ಸುಮ್ಮನೆ ಕೂತ ಲೈನನ್ನು ಇಂತಿಷ್ಟು ಸೆಕೆಂಡಿಗೆ ಮುಚ್ಚುವ ‘ಐಡಲ್’ ಆಯ್ಕೆ ಇದೆ, ಮೊದಲು ಅದನ್ನು ನೋಡಿ. ಗಡಿಯಾರ ಇಟ್ಟುಕೊಂಡು ಕೂತರೆ ಅರ್ಧ ರೋಗ ಪತ್ತೆ.

ಹಾಗಾದರೆ ಆ ಕಡೆಯವರು ಯಾಕೆ ಉತ್ತರ ಕೊಡುತ್ತಿಲ್ಲ? ವಿಂಡೋಸ್‌ಗೆ ಕೊಡುತ್ತಿದ್ದರಲ್ಲ?

ಇಲ್ಲೇ ಇರೋದು ಸ್ವಾರಸ್ಯ. ವಿಂಡೋಸ್ ಕನೆಕ್ಟ್ ಆದ ತಕ್ಷಣ ಹಿಂದೆ ಮುಂದೆ ನೋಡದೆ ಪಿಪಿಪಿ ಶುರು ಮಾಡುತ್ತದೆ. ಡಬ್ಲ್ಯೂವಿಡಯಲ್ ಸ್ವಲ್ಪ ಜಾಸ್ತಿ ಬುದ್ಧಿವಂತ. ಅದು ಆ ಕಡೆಯಿಂದ ಬರುವ ಅಕ್ಷರಗಳನ್ನು ಓದಿ, ‘ಲಾಗಿನ್’ ಅನ್ನೋ ಪದ ಕಂಡರೆ ಹೆಸರು ಕೊಟ್ಟು, ಪಾಸ್‌ವರ್ಡ್ ಕೇಳಿದರೆ ಅದನ್ನೂ ಕೊಟ್ಟು, ಆಮೇಲೆ ಮುಂದೇನು ಅಂತ ಊಹೆ ಮಾಡುತ್ತದೆ. ಸರ್ವರಿಗೆ ಫೋನ್ ಮಾಡಿದವರೆಲ್ಲ ಮೊದಲು ಕೈಯಾರೆ ಲಾಗಿನ್ ಆಗಬೇಕಿದ್ದ ಕಾಲದ ಅಭ್ಯಾಸ ಅದು. ಈಗಿನ ಸರ್ವರ್‌ಗಳು ಒಂದು ಲಾಗಿನ್ ಸಾಲನ್ನು ತೋರಿಸಿದರೂ ಅದು ಹೆಸರಿಗೆ ಮಾತ್ರ, ಪಿಪಿಪಿ ಪ್ಯಾಕೆಟ್ ಬಂತು ಅಂದರೆ ತಾವೇ ಗುರುತು ಹಿಡಿದು ಆ ದಾರಿಗೆ ಹೋಗುತ್ತವೆ. ಆದರೆ ನೀವು ಆ ಸಾಲಿಗೆ ಉತ್ತರ ಕೊಟ್ಟುಬಿಟ್ಟಿರೋ, ಸರಿ, ಈ ಪುಣ್ಯಾತ್ಮನಿಗೆ ಅಕ್ಷರದಲ್ಲೇ ಮಾತಾಡಬೇಕಂತೆ ಅಂತ ಅದು ಬೇರೆ ದಾರಿ ಹಿಡಿಯುತ್ತದೆ. ಆಮೇಲೆ ನಿಮ್ಮ ಪಿಪಿಪಿಡಿ ಹತ್ತು ಸಲ ಬಾಗಿಲು ತಟ್ಟಿದರೂ ಒಳಗಿರುವವರಿಗೆ ಅದು ತಟ್ಟಿದ ಸದ್ದು ಅಂತಲೇ ಗೊತ್ತಾಗೋದಿಲ್ಲ.

ನೀವು ನೋಡಿದ ‘ಡೋಂಟ್ ನೋ ವಾಟ್ ಟು ಡೂ’ ಸಾಲಿನ ಮುಂದಿನ ಭಾಗ ಓದಿದ್ದೀರಾ? ಏನು ಮಾಡೋದು ಗೊತ್ತಾಗ್ತಿಲ್ಲ, ಪಿಪಿಪಿಡಿ ಶುರು ಮಾಡ್ತೀನಿ, ದೇವರಿದ್ದಾನೆ, ಅನ್ನೋ ಅರ್ಥದ ಮಾತು ಅಲ್ಲಿ ಇರುತ್ತದೆ. ಇಷ್ಟು ಪ್ರಾಮಾಣಿಕವಾಗಿ ಸೋಲು ಒಪ್ಪಿಕೊಳ್ಳುವ ಸಾಫ್ಟ್‌ವೇರ್ ನಾನು ಬೇರೆ ನೋಡಿಲ್ಲ. ಆ ಸಾಲು ಬಂದಿದೆ ಅಂದರೆ ಊಹೆ ತಪ್ಪಿದೆ ಅಂತಲೇ ತಿಳಿಯಿರಿ.

ಹತ್ತರಲ್ಲಿ ಒಂದು ಸಲ ನಿಲ್ಲುವುದಕ್ಕೂ ಬಹುಶಃ ಇದೇ ಕಾರಣ. ಆ ಸಲ ಲಾಗಿನ್ ಸಾಲು ಗಲೀಜಾಗಿ ಬಂದು ಡಬ್ಲ್ಯೂವಿಡಯಲ್‌ಗೆ ಗುರುತು ಸಿಕ್ಕಿಲ್ಲ, ಉತ್ತರ ಕೊಟ್ಟಿಲ್ಲ, ಹಾಗಾಗಿ ಬಚಾವಾಗಿದ್ದೀರಿ.

ಮದ್ದು ಒಂದೇ ಸಾಲು. ಇಟಿಸಿ ಫೋಲ್ಡರಿನಲ್ಲಿರುವ ಡಬ್ಲ್ಯೂವಿಡಯಲ್ ಡಾಟ್ ಕಾನ್ಫ್ ಫೈಲ್ ತೆರೆಯಿರಿ, ನಿಮ್ಮ ನಂಬರ್, ಹೆಸರು, ಪಾಸ್‌ವರ್ಡ್ ಇರುವ ಭಾಗದಲ್ಲಿ ‘ಸ್ಟುಪಿಡ್ ಮೋಡ್ = 1’ ಅಂತ ಸೇರಿಸಿ. ಹೆಸರು ಕೇಳಿ ಬೇಜಾರಾಗಬೇಡಿ, ಆ ಆಯ್ಕೆಯ ನಿಜವಾದ ಹೆಸರೇ ಅದು. ಬುದ್ಧಿವಂತಿಕೆ ಸಾಕು, ವಿಂಡೋಸ್ ಮಾಡುವ ಹಾಗೆ ನೇರವಾಗಿ ಪಿಪಿಪಿ ಶುರು ಮಾಡು, ಅಂತ ಹೇಳಿದ ಹಾಗೆ. ನನ್ನ ಅಂದಾಜಿನಲ್ಲಿ ನಿಮ್ಮ ಮೊದಲ ತೊಂದರೆ ಇಲ್ಲಿಗೆ ಮುಗಿಯಿತು.

ಅಂದಾಜು ಅಂದೆ. ನಿಮಗೂ ಖಾತ್ರಿ ಆಗಬೇಕು ಅಲ್ವಾ? ಕಣ್ಣಾರೆ ನೋಡುವ ದಾರಿ ಒಂದಿದೆ, ಹತ್ತು ನಿಮಿಷದ ಕೆಲಸ. ಮಿನಿಕಾಮ್ ಅನ್ನೋ ಪ್ರೋಗ್ರಾಂ ಹಾಕಿಕೊಳ್ಳಿ. ಅದರ ಸೆಟ್ಟಿಂಗಿನಲ್ಲಿ ಸೀರಿಯಲ್ ಪೋರ್ಟಿನ ಹೆಸರು ಕೊಡಿ. ಕಂಪ್ಯೂಟರಿನ ಮೊದಲನೇ ಸೀರಿಯಲ್ ಪೋರ್ಟ್ ಅಂದರೆ ಡೆವ್ ಫೋಲ್ಡರಿನ ಟಿಟಿವೈಎಸ್0 (ಇದರಲ್ಲಿ ‘ಎಸ್’ ಮಾತ್ರ ದೊಡ್ಡಕ್ಷರ), ವಿಂಡೋಸ್‌ನವರು ಕಾಮ್1 ಅನ್ನುತ್ತಾರಲ್ಲ, ಅದೇ ಇದು. ಎಣಿಕೆ ಸೊನ್ನೆಯಿಂದ ಶುರು ಅನ್ನೋದು ನೆನಪಿರಲಿ, ಕಾಮ್2 ಅಂದರೆ ಟಿಟಿವೈಎಸ್1. ವೇಗ 115200, ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಒಬ್ಬರು ‘ತಡಿ’ ಅಂದಾಗ ಇನ್ನೊಬ್ಬರು ಕಳಿಸೋದನ್ನು ನಿಲ್ಲಿಸುವ ಏರ್ಪಾಡು) ಆನ್. ಈಗ ‘ಎಟಿ’ ಅಂತ ಹೊಡೆದು ಎಂಟರ್ ಒತ್ತಿ. ‘ಓಕೆ’ ಅಂತ ಬರಬೇಕು. 1981ರಲ್ಲಿ ಹೇಯ್ಸ್ ಕಂಪನಿಯ ಸ್ಮಾರ್ಟ್‌ಮೋಡೆಮ್ ಕಲಿಸಿದ ಭಾಷೆ ಇದು, ಇವತ್ತಿನ ಮೊಬೈಲ್ ಡಾಂಗಲ್ ಕೂಡ ಒಳಗಡೆ ಇದಕ್ಕೇ ಉತ್ತರ ಕೊಡುತ್ತದೆ.

ಓಕೆ ಬಂತಾ? ಈಗ ‘ಎಟಿಡಿಟಿ’ ಅಂತ ಹೊಡೆದು, ಜಾಗ ಬಿಡದೆ ನಿಮ್ಮ ಸೇವೆಯ ನಂಬರ್ ಸೇರಿಸಿ ಎಂಟರ್. ಸದ್ದೆಲ್ಲ ಮುಗಿದು ಕನೆಕ್ಟ್ ಬಂದ ಮೇಲೆ ಕೈ ಕಟ್ಟಿ ಕೂತುಕೊಳ್ಳಿ, ಏನೂ ಒತ್ತಬೇಡಿ. ಮೂರರಲ್ಲಿ ಒಂದು ಆಗುತ್ತದೆ. ಒಂದು, ಪರದೆ ಮೇಲೆ ಕಸದ ಹಾಗೆ ಏನೋ ಬೀಳುತ್ತದೆ, ಅದರಲ್ಲಿ ಅಲೆಯಂಥ ಟಿಲ್ಡೆ ಗುರುತು, ಹೂವಿನ ಬ್ರಾಕೆಟ್ಟು, ಹ್ಯಾಶ್, ಉದ್ಗಾರ ಚಿಹ್ನೆ ಪದೇಪದೇ ಕಾಣುತ್ತವೆ. ಅದು ಕಸ ಅಲ್ಲ ಸ್ವಾಮಿ, ಅದೇ ಪಿಪಿಪಿ. ಪ್ರತಿ ಪ್ಯಾಕೆಟ್ಟಿನ ಶುರುವಿಗೆ, ಕೊನೆಗೆ ಒಂದು ಗಡಿಕಲ್ಲಿನ ಹಾಗೆ ನಿಲ್ಲುವ ಬೈಟನ್ನು ಅಕ್ಷರವಾಗಿ ತೋರಿಸಿದರೆ ಟಿಲ್ಡೆ ಆಗುತ್ತದೆ. ಹೂವಿನ ಬ್ರಾಕೆಟ್ ಅಂದರೆ ‘ಮುಂದಿನ ಬೈಟನ್ನು ವೇಷ ಬದಲಿಸಿ ಕಳಿಸಿದ್ದೀನಿ’ ಅನ್ನೋ ಸೂಚನೆ. ಇದು ಕಂಡರೆ ಆ ಕಡೆಯವರು ತಾವಾಗಿಯೇ ಪಿಪಿಪಿ ಮಾತಾಡಲು ಕಾದಿದ್ದಾರೆ, ಸ್ಟುಪಿಡ್ ಮೋಡ್ ಸರಿಯಾದ ಉತ್ತರ. ಎರಡು, ಲಾಗಿನ್ ಸಾಲು ಬಂದು ನಿಲ್ಲುತ್ತದೆ. ಆಗಲೂ ಮೊದಲು ಸ್ಟುಪಿಡ್ ಮೋಡ್ ನೋಡಿ. ಅದಾಗದಿದ್ದರೆ ಮಾತ್ರ ಕೈಯಾರೆ ಹೆಸರು, ಪಾಸ್‌ವರ್ಡ್ ಕೊಟ್ಟು, ಆಮೇಲೆ ಅದು ಏನು ಕೇಳುತ್ತದೆ ಅಂತ ಬರೆದಿಟ್ಟುಕೊಳ್ಳಿ, ಕೆಲವು ಕಡೆ ಕೊನೆಯಲ್ಲಿ ‘ಪಿಪಿಪಿ’ ಅಂತ ಬೇರೆ ಹೊಡೆಯಬೇಕಿರುತ್ತದೆ. ಮೂರು, ಏನೂ ಇಲ್ಲ, ಕರಿ ಪರದೆ. ಒಂದೆರಡು ಸಲ ಎಂಟರ್ ಒತ್ತಿ ನೋಡಿ. ಆಗಲೂ ಮೌನ ಅಂದರೆ ಆ ಕಡೆಯವರು ನೀವೇ ಮೊದಲು ಪಿಪಿಪಿ ಶುರು ಮಾಡಲಿ ಅಂತ ಕಾಯುತ್ತಿರಬಹುದು, ಅದಕ್ಕೂ ಸ್ಟುಪಿಡ್ ಮೋಡೇ ಮದ್ದು. ನೋಡಿ ಆದ ಮೇಲೆ ಕಂಟ್ರೋಲ್-ಎ ಒತ್ತಿ ಬಿಟ್ಟು ಎಚ್ ಒತ್ತಿದರೆ ಫೋನ್ ಇಟ್ಟ ಹಾಗೆ.

ಮಿನಿಕಾಮ್ ತೆರೆಯುವಾಗಲೇ ‘ಪರ್ಮಿಷನ್ ಡಿನೈಡ್’ ಅಂದರೆ ನಿಮ್ಮ ಬಳಕೆದಾರ ಹೆಸರು ಡಯಲ್‌ಔಟ್ ಅನ್ನೋ ಗುಂಪಿನಲ್ಲಿಲ್ಲ. ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ, ಲಾಗ್‌ಔಟ್ ಆಗದೆ ‘ಸೇರಿಸಿದೆ, ಆದ್ರೂ ಆಗ್ತಿಲ್ಲ’ ಅನ್ನುವವರೇ ಜಾಸ್ತಿ. ‘ಬಿಝಿ’ ಅಂದರೆ ಬೇರೆ ಯಾವುದೋ ಪ್ರೋಗ್ರಾಂ ಪೋರ್ಟ್ ಹಿಡಿದು ಕೂತಿದೆ. ಮೋಡೆಮ್‌ಮ್ಯಾನೇಜರ್ (ಇದರ ಎರಡೂ ‘ಎಂ’ ದೊಡ್ಡಕ್ಷರ) ಅನ್ನೋ ಸೇವೆ ಇದಕ್ಕೆ ಹೆಸರುವಾಸಿ, ಯುಎಸ್‌ಬಿ ಮೋಡೆಮ್ ಇದ್ದರಂತೂ ಕಂಡ ಕೂಡಲೇ ಮೈಮೇಲೆ ಬೀಳುತ್ತದೆ. ಡಯಲ್-ಅಪ್ಪಿಗೆ ಅದು ಬೇಕಿಲ್ಲ, ನಿಲ್ಲಿಸಿಬಿಡಿ.

ಇನ್ನು ಲಾಗ್. ಇಟಿಸಿ ಒಳಗಿನ ಪಿಪಿಪಿ ಫೋಲ್ಡರಿನಲ್ಲಿ ‘ಆಪ್ಷನ್ಸ್’ ಅನ್ನೋ ಫೈಲಿಗೆ ‘ಡೀಬಗ್’ ಅಂತ ಒಂದು ಪದ ಹಾಕಿ. ಆಮೇಲೆ ಜರ್ನಲ್‌ಸಿಟಿಎಲ್‌ನಲ್ಲಿ, ಹಳೆ ಡೆಬಿಯನ್ ಆದರೆ ಸಿಸ್‌ಲಾಗ್ ಫೈಲಿನಲ್ಲಿ, ಪಿಪಿಪಿಡಿ ಆಡಿದ ಪ್ರತಿಯೊಂದು ಮಾತೂ ಸಿಗುತ್ತದೆ. ಪ್ರತಿ ಸಾಲು ‘ಸೆಂಟ್’ ಇಲ್ಲವೇ ‘ಆರ್‌ಸಿವಿಡಿ’ ಅಂತ ಶುರುವಾಗುತ್ತದೆ, ನಾವು ಕಳಿಸಿದ್ದು, ನಮಗೆ ಬಂದದ್ದು. ಓದೋಕೆ ದೊಡ್ಡ ವಿದ್ಯೆ ಬೇಕಿಲ್ಲ. ಬರೀ ಸೆಂಟ್, ಸೆಂಟ್, ಸೆಂಟ್, ಹತ್ತು ಸಲ, ಒಂದೂ ಆರ್‌ಸಿವಿಡಿ ಇಲ್ಲ: ಆ ಕಡೆ ಮೌನ, ಮೇಲೆ ಹೇಳಿದ ಕಥೆ. ನಾವು ಕಳಿಸಿದ್ದೇ ಹಾಗೇ ವಾಪಸ್ ಬರುತ್ತಿದ್ದರೆ ‘ಲೂಪ್ಡ್ ಬ್ಯಾಕ್’ ಅಂತ ದೂರುತ್ತದೆ. ಅಂದರೆ ಆ ಕಡೆ ಲಾಗಿನ್ ಪರದೆ ಇನ್ನೂ ಕೂತಿದೆ, ನೀವು ಹೊಡೆದದ್ದನ್ನು ತೋರಿಸುವ ಹಾಗೆ ಪ್ಯಾಕೆಟ್ಟನ್ನೂ ತಿರುಗಿಸಿ ತೋರಿಸುತ್ತಿದೆ, ಇಲ್ಲಾ ಲೈನ್ ಆಗಲೇ ಬಿದ್ದುಹೋಗಿ ನಿಮ್ಮ ಮೋಡೆಮ್ಮೇ ನಿಮ್ಮ ಮಾತನ್ನು ಗಿಣಿ ಥರ ಒಪ್ಪಿಸುತ್ತಿದೆ. ‘8-ಬಿಟ್ ಕ್ಲೀನ್ ಅಲ್ಲ’ ಅನ್ನೋ ಅರ್ಥದ ಸಾಲು ಬಂದರೂ ಬಹುಮಟ್ಟಿಗೆ ಇದೇ ಕಾರಣ. ಪಾರಿಟಿ ಪಾರಿಟಿ ಅಂತ ಹುಡುಕಿಕೊಂಡು ಹೋಗಬೇಡಿ, ಪಿಪಿಪಿ ಬದಲು ಮಾಮೂಲಿ ಅಕ್ಷರ ಬರುತ್ತಿದೆ, ಅಕ್ಷರಗಳ ಎಂಟನೇ ಬಿಟ್ ಯಾವಾಗಲೂ ಸೊನ್ನೆ, ಅದಕ್ಕೇ ಅದು ಹಾಗನ್ನುತ್ತದೆ.

ಸ್ಟುಪಿಡ್ ಮೋಡ್ ಹಾಕಿದ ಮೇಲೆ ಎಲ್‌ಸಿಪಿ ದಾಟಿ ಮುಂದಿನ ಹಂತ ಪಾಸ್‌ವರ್ಡ್. ಲಾಗಿನಲ್ಲಿ ‘ಪ್ಯಾಪ್’ ಅಥವಾ ‘ಚಾಪ್’ (ಪಾಸ್‌ವರ್ಡ್ ಪರೀಕ್ಷಿಸುವ ಎರಡು ವಿಧಾನ) ಅಂತ ಸಾಲುಗಳು ಕಾಣುತ್ತವೆ. ‘ಆಥ್ಆ್ಯಕ್’ ಅಂದರೆ ಒಪ್ಪಿದರು, ‘ಆಥ್‌ನ್ಯಾಕ್’ ಅಂದರೆ ಇಲ್ಲ. ಇಲ್ಲ ಅಂದಾಗ ಮೊದಲು ನೋಡಬೇಕಾದದ್ದು ಬಳಕೆದಾರ ಹೆಸರಿನ ಕೊನೆಗೆ ‘ಅಟ್’ ಗುರುತು ಹಾಕಿ ಕಂಪನಿಯ ವಿಳಾಸ ಸೇರಿಸಬೇಕಾ ಅನ್ನೋದು. ಇದರಲ್ಲಿ ನನ್ನದೂ ಒಂದು ಪೆದ್ದುತನದ ಕಥೆ ಇದೆ. ಒಮ್ಮೆ ಡಬ್ಲ್ಯೂವಿಡಯಲ್ ಬೇಡ ಅಂತ ಪಾಸ್‌ವರ್ಡ್ ಇಡುವ ಪ್ಯಾಪ್-ಸೀಕ್ರೆಟ್ಸ್ ಫೈಲನ್ನು ಕೈಯಾರೆ ಬರೆದೆ. ಎಲ್ಲ ಸರಿ ಇದೆ, ಪಾಸ್‌ವರ್ಡ್ ಮಾತ್ರ ತಪ್ಪು ಅನ್ನುತ್ತೆ. ಶನಿವಾರ ಪೂರ್ತಿ ಹೋಯಿತು, ಭಾನುವಾರ ಮಧ್ಯಾಹ್ನವೂ ಹೋಯಿತು. ಸೇವೆ ಕೊಡುವವರಿಗೆ ಫೋನ್ ಮಾಡಿ ಜಗಳ ಕೂಡ ಆಡಿದೆ, ಪಾಪ ಅವರದೇನೂ ತಪ್ಪಿರಲಿಲ್ಲ. ನನ್ನ ಪಾಸ್‌ವರ್ಡ್ ಶುರುವಾಗುತ್ತಿದ್ದದ್ದೇ ಹ್ಯಾಶ್ ಗುರುತಿನಿಂದ. ಆ ಫೈಲಿನಲ್ಲಿ ಹ್ಯಾಶ್ ಅಂದರೆ ಇಲ್ಲಿಂದ ಮುಂದೆ ಟಿಪ್ಪಣಿ, ಓದಬೇಡ ಅಂತ ಅರ್ಥ. ಎರಡು ಕಡೆ ಉದ್ಧರಣ ಚಿಹ್ನೆ ಹಾಕಿದ ತಕ್ಷಣ ಆನ್. ಡಬ್ಲ್ಯೂವಿಡಯಲ್ ಆ ಫೈಲನ್ನು ತಾನೇ ಬರೆದುಕೊಳ್ಳುತ್ತೆ, ನಿಮಗೆ ಆ ಗೋಳು ಬರಲಾರದು.

ಇಲ್ಲೇ ಇನ್ನೊಂದು ವಿಚಿತ್ರ ಇದೆ, ನಿಮ್ಮ ರೂಟರ್ ಇರುವುದರಿಂದ ಹೇಳುತ್ತೇನೆ. ಕಂಪ್ಯೂಟರಿಗೆ ಆಗಲೇ ಹೊರಹೋಗುವ ಒಂದು ಡೀಫಾಲ್ಟ್ ದಾರಿ ಇದ್ದರೆ ಪಿಪಿಪಿಡಿ ತನ್ನನ್ನು ತಾನೇ ಸರ್ವರ್ ಅಂದುಕೊಳ್ಳುತ್ತದೆ, ‘ನೀನು ಯಾರು, ಮೊದಲು ನಿನ್ನ ಗುರುತು ತೋರಿಸು’ ಅಂತ ಸೇವೆ ಕೊಡುವವರನ್ನೇ ಕೇಳುತ್ತದೆ. ಅವರು ಯಾಕೆ ತೋರಿಸುತ್ತಾರೆ? ಅಲ್ಲಿಗೇ ನಿಲ್ಲುತ್ತದೆ. ಇದಕ್ಕೆ ‘ನೋಆಥ್’ ಅನ್ನೋ ಪದ ಬೇಕು. ಪಿಪಿಪಿ ಫೋಲ್ಡರಿನೊಳಗೆ ಪೀರ್ಸ್ ಅಂತ ಇನ್ನೊಂದು ಫೋಲ್ಡರ್ ಇದೆ, ಅದರಲ್ಲಿ ಡಬ್ಲ್ಯೂವಿಡಯಲ್ ಹೆಸರಿನ ಫೈಲಿನಲ್ಲಿ ಆ ಪದ ಇದೆಯಾ ಅಂತ ನೋಡಿಕೊಳ್ಳಿ, ಸಾಮಾನ್ಯವಾಗಿ ಇರುತ್ತದೆ. ಜೊತೆಗೆ ‘ಯೂಸ್‌ಪಿಯರ್‌ಡಿಎನ್‌ಎಸ್’ ಕೂಡ ಇರಲಿ, ಅದರ ಕೆಲಸ ಈಗ ಬರುತ್ತೆ.

ಎರಡನೇ ತೊಂದರೆ: ಕನೆಕ್ಟ್ ಆಗಿ ನಿಂತರೂ ಪುಟ ತೆರೆಯೋದಿಲ್ಲ. ಇದರಲ್ಲಿ ನನಗೆ ಅನುಮಾನವೇ ಇಲ್ಲ, ಆ ರೂಟರೇ. ರೂಟರ್ ಅನ್ನೋದು ತನಗೆ ಇಂಟರ್ನೆಟ್ ಇರಲಿ ಬಿಡಲಿ, ಸಿಕ್ಕಿಸಿದವರಿಗೆಲ್ಲ ‘ಹೊರಗೆ ಹೋಗುವ ದಾರಿ ನಾನೇ, ಹೆಸರು ಹುಡುಕಿಕೊಡುವವನೂ ನಾನೇ’ ಅಂತ ಹೇಳಿ ಕೂರಿಸಿಬಿಡುತ್ತದೆ. ಆಮೇಲೆ ಪಿಪಿಪಿಡಿ ಬಂದು ನೋಡಿದರೆ ದಾರಿ ಆಗಲೇ ಇದೆ, ಅದನ್ನು ಬದಲಾಯಿಸೋಕೆ ಅದು ಹೋಗೋದಿಲ್ಲ. ಲಾಗಿನಲ್ಲಿ ‘ನಾಟ್ ರಿಪ್ಲೇಸಿಂಗ್ ಡೀಫಾಲ್ಟ್ ರೂಟ್’ ಅಂತ ಒಂದು ಸಾಲು ಖಂಡಿತ ಕಾಣಬೇಕು. ನಿಮ್ಮ ಬ್ರೌಸರ್ ಕೇಳಿದ್ದೆಲ್ಲ ಪ್ರಿಂಟರ್ ಇರುವ ಕಡೆ ಹೋಗಿ ಸಾಯುತ್ತಿದೆ, ಫೋನ್ ಲೈನ್ ಖಾಲಿ ಕೂತಿದೆ.

ಖಾತ್ರಿ ಮಾಡಿಕೊಳ್ಳೋಕೆ, ಕನೆಕ್ಟ್ ಆಗಿರುವಾಗ ಇನ್ನೊಂದು ಟರ್ಮಿನಲ್ ತೆರೆದು ‘ಐಪಿ ರೂಟ್’ ಅಂತ ಕೊಡಿ. ಡಬ್ಲ್ಯೂವಿಡಯಲ್ ಓಡುತ್ತಿರುವ ಟರ್ಮಿನಲ್ ಮುಚ್ಚಬೇಡಿ, ಅದನ್ನು ಮುಚ್ಚಿದರೆ ಲೈನೂ ಹೋಗುತ್ತೆ. ‘ಡೀಫಾಲ್ಟ್’ ಅಂತ ಶುರುವಾಗುವ ಸಾಲಿನಲ್ಲಿ ಪಿಪಿಪಿ0 ಅನ್ನೋ ಹೆಸರು ಇರಬೇಕು. ಅದರ ಬದಲು ನೆಟ್‌ವರ್ಕ್ ಕಾರ್ಡಿನ ಹೆಸರಿದ್ದರೆ ಕಳ್ಳ ಸಿಕ್ಕಿದ. ಮೊದಲು ಸುಮ್ನೆ ಆ ಕೇಬಲ್ ಕಿತ್ತು ಡಯಲ್ ಮಾಡಿ ನೋಡಿ. ಪುಟ ತೆರೆದರೆ ಆಮೇಲೆ ಶಾಶ್ವತ ಪರಿಹಾರ: ನೆಟ್‌ವರ್ಕ್‌ಮ್ಯಾನೇಜರ್‌ನಲ್ಲಿ ಆ ತಂತಿ ಸಂಪರ್ಕದ ಐಪಿವಿ4 ಸೆಟ್ಟಿಂಗ್‌ನ ರೂಟ್ಸ್ ಭಾಗಕ್ಕೆ ಹೋದರೆ ‘ಈ ಸಂಪರ್ಕವನ್ನು ಇದರ ನೆಟ್‌ವರ್ಕಿನಲ್ಲಿರುವ ವಸ್ತುಗಳಿಗೆ ಮಾತ್ರ ಬಳಸು’ ಅನ್ನೋ ಅರ್ಥದ ಒಂದು ಟಿಕ್ ಬಾಕ್ಸ್ ಇದೆ. ಟಿಕ್ ಹಾಕಿ. ಪ್ರಿಂಟರ್ ಹಾಗೇ ಕೆಲಸ ಮಾಡುತ್ತೆ, ಹೊರಗಿನ ದಾರಿ ಮಾತ್ರ ಫೋನಿಗೆ ಬಿಟ್ಟುಕೊಡುತ್ತೆ. ಪಿಪಿಪಿಡಿಗೆ ‘ರಿಪ್ಲೇಸ್‌ಡೀಫಾಲ್ಟ್‌ರೂಟ್’ ಅನ್ನೋ ಆಯ್ಕೆಯೂ ಇದೆ, ಬಲವಂತವಾಗಿ ದಾರಿ ಬದಲಿಸುತ್ತೆ. ನನಗೆ ಟಿಕ್ ಬಾಕ್ಸೇ ಇಷ್ಟ, ಇಬ್ಬರು ಜಗಳ ಆಡುವ ಬದಲು ಒಬ್ಬ ಮೊದಲೇ ಸುಮ್ಮನಿರುವುದು ವಾಸಿ.

ದಾರಿ ಸರಿ ಇದ್ದೂ ಪುಟ ಬರದಿದ್ದರೆ ಹೆಸರು ಹುಡುಕುವ ಕಡೆ ನೋಡಿ. 8.8.8.8 ಅನ್ನೋ ನಂಬರಿಗೆ ಪಿಂಗ್ ಮಾಡಿ. ಅದಕ್ಕೆ ಉತ್ತರ ಬಂದು, ಹೆಸರು ಕೊಟ್ಟು ಪಿಂಗ್ ಮಾಡಿದಾಗ ಬರದಿದ್ದರೆ ತಪ್ಪು ಡಿಎನ್‌ಎಸ್‌ನದು, ಅಂದರೆ ತಾಣದ ಹೆಸರಿಗೆ ನಂಬರ್ ಹುಡುಕಿಕೊಡುವ ಸೇವೆಯದು. ಯೂಸ್‌ಪಿಯರ್‌ಡಿಎನ್‌ಎಸ್ ಇದ್ದಾಗ ಪಿಪಿಪಿಡಿ ಆ ಕಡೆಯವರು ಕೊಟ್ಟ ಡಿಎನ್‌ಎಸ್ ವಿಳಾಸಗಳನ್ನು ತನ್ನ ಪಿಪಿಪಿ ಫೋಲ್ಡರಿನಲ್ಲಿರುವ ರಿಸಾಲ್ವ್ ಡಾಟ್ ಕಾನ್ಫ್ ಫೈಲಿಗೆ ಬರೆಯುತ್ತದೆ. ಗಮನಿಸಿ, ಅದು ಪಿಪಿಪಿಡಿಯ ಸ್ವಂತ ಫೈಲ್, ಕಂಪ್ಯೂಟರ್ ಓದುವುದು ಇಟಿಸಿಯಲ್ಲೇ ನೇರವಾಗಿ ಇರುವ ಅದೇ ಹೆಸರಿನ ಇನ್ನೊಂದು ಫೈಲನ್ನು. ಒಂದರಿಂದ ಇನ್ನೊಂದಕ್ಕೆ ದಾಟಿಸುವ ಕೆಲಸ ಬೇರೆ ಸ್ಕ್ರಿಪ್ಟಿನದು, ಎಷ್ಟೋ ಸಲ ನೆಟ್‌ವರ್ಕ್‌ಮ್ಯಾನೇಜರ್ ಅದನ್ನು ಅಳಿಸಿ ರೂಟರಿನ ವಿಳಾಸ ತುಂಬಿರುತ್ತದೆ. ಎರಡೂ ಫೈಲ್ ತೆರೆದು ಪಕ್ಕಪಕ್ಕ ಇಟ್ಟು ನೋಡಿ, ಬೇರೆ ಬೇರೆ ಇದ್ದರೆ ಸದ್ಯಕ್ಕೆ ಮೊದಲನೆಯದರಲ್ಲಿ ಇರುವುದನ್ನು ಎರಡನೆಯದಕ್ಕೆ ನಕಲು ಮಾಡಿ.

ಇದೆಲ್ಲ ಸರಿ ಇದ್ದು ಸಣ್ಣ ಪುಟ ಬಂದು ದೊಡ್ಡದು ಅರ್ಧಕ್ಕೆ ನಿಂತರೆ, ಪ್ರೊಕ್ ಫೋಲ್ಡರಿನೊಳಗೆ ಟಿಟಿವೈ, ಅದರೊಳಗೆ ಡ್ರೈವರ್, ಅಲ್ಲಿ ಸೀರಿಯಲ್ ಅನ್ನೋ ಫೈಲನ್ನು ರೂಟ್ ಆಗಿ ಓದಿ. ನಿಮ್ಮ ಪೋರ್ಟಿನ ಸಾಲಿನಲ್ಲಿ ‘ಓಇ’ ಅಂತ ಒಂದು ಸಂಖ್ಯೆ ಏರುತ್ತಾ ಇದ್ದರೆ, ಬಂದ ಬೈಟುಗಳನ್ನು ಎತ್ತಿಕೊಳ್ಳೋ ಮುಂಚೆ ಮುಂದಿನವು ಬಂದು ಬಿದ್ದು ಹಾಳಾಗುತ್ತಿವೆ. ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಇಲ್ಲ, ಇಲ್ಲಾ ತೀರಾ ಹಳೆ ಸೀರಿಯಲ್ ಚಿಪ್. 16550ಎ ಚಿಪ್‌ನಲ್ಲಿ 16 ಬೈಟಿನ ಒಂದು ಪುಟ್ಟ ಕಟ್ಟೆ ಇದೆ, ಅದಕ್ಕಿಂತ ಹಳೆಯವುಗಳಲ್ಲಿ ಅದೂ ಇಲ್ಲ, ಅಂಥದ್ದಾದರೆ ಪೋರ್ಟಿನ ವೇಗ 38400ಕ್ಕೆ ಇಳಿಸಿ. ನಿಮ್ಮದು ಅಷ್ಟು ಹಳೇದಿರಲಾರದು.

ವೇಗ ಅಂದಾಗ ನೆನಪಾಯಿತು. ಕನೆಕ್ಟ್ 115200 ನೋಡಿ ಖುಷಿಪಡಬೇಡಿ, ಹೆದರಿ ಇಳಿಸಲೂ ಬೇಡಿ. ಅದು ಕಂಪ್ಯೂಟರಿಗೂ ಮೋಡೆಮ್ಮಿಗೂ ನಡುವಿನ ಕೇಬಲ್ಲಿನ ವೇಗ, ಫೋನ್ ಲೈನಿನದಲ್ಲ. ಫೋನ್ ಲೈನಿನಲ್ಲಿ 1998ರ ವಿ.90 ನಿಯಮದ ಪ್ರಕಾರ ಗರಿಷ್ಠ 56 ಕೆ, ಅದೂ ಆ ಕಡೆಯಿಂದ ನಿಮ್ಮ ಕಡೆಗೆ ಮಾತ್ರ, ನಿಮ್ಮಿಂದ ಅಲ್ಲಿಗೆ 33.6 ಕೆ. ನಿಜ ಜೀವನದಲ್ಲಿ 40ರಿಂದ 50ರ ನಡುವೆ ಸಿಕ್ಕರೆ ಲೈನ್ ಚೆನ್ನಾಗಿದೆ. ನಿಜವಾದ ವೇಗ ಹೇಳು ಅಂತ ಮೋಡೆಮ್ಮಿಗೆ ಹೇಳೋಕೆ ಇನಿಟ್ ಸಾಲಿಗೆ ‘ಡಬ್ಲ್ಯೂ2’ ಸೇರಿಸಿ ನೋಡಬಹುದು, ಎಲ್ಲ ಚಿಪ್‌ಗಳೂ ಕೇಳೋದಿಲ್ಲ. ಮುಂದೆಂದಾದರೂ ನಿಮ್ಮ ಲ್ಯಾಂಡ್‌ಲೈನನ್ನು ತಾಮ್ರದ ತಂತಿಯಿಂದ ತೆಗೆದು ಇಂಟರ್ನೆಟ್ ಮೇಲೆ ಓಡುವ ಫೋನ್ ಡಬ್ಬಿಗೆ ಬದಲಾಯಿಸಿದರೆ ಈ ವೇಗವೂ ಸಿಗೋದಿಲ್ಲ. ಆ ಡಬ್ಬಿ ಮನುಷ್ಯರ ದನಿಗೆ ತಕ್ಕ ಹಾಗೆ ಸದ್ದನ್ನು ಹಿಂಡುತ್ತೆ, ಮೋಡೆಮ್ಮಿನ ಕಿರುಚಾಟ ಅದರಲ್ಲಿ ಚಿತ್ರಾನ್ನ.

ನಿಮ್ಮ ಒಳಗಿನ ಕಾರ್ಡ್ ಯಾಕೆ ಕಾಣಲಿಲ್ಲ ಅಂತ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಅದು ಹೆಚ್ಚುಕಡಿಮೆ ವಿನ್‌ಮೋಡೆಮ್ ಇರಬೇಕು. ಹೆಸರಿಗೆ ಮೋಡೆಮ್, ಒಳಗೆ ಫೋನ್ ಜ್ಯಾಕ್ ಮತ್ತು ಚೂರುಪಾರು ಭಾಗ. ಅಸಲಿ ಕೆಲಸವನ್ನೆಲ್ಲ ವಿಂಡೋಸ್‌ನ ಡ್ರೈವರ್ ಕಂಪ್ಯೂಟರಿನ ಪ್ರೊಸೆಸರ್ ಮೇಲೆ ಮಾಡುತ್ತೆ. ಲೂಸೆಂಟ್, ಕೊನೆಕ್ಸೆಂಟ್, ಸ್ಮಾರ್ಟ್‌ಲಿಂಕ್ ಚಿಪ್‌ಗಳಿಗೆ ಲಿನಕ್ಸ್ ಡ್ರೈವರ್ ಬಂದಿದ್ದವು, ಈಗಿನ ಕರ್ನೆಲ್ ಜೊತೆ ಅವನ್ನು ಕೂರಿಸೋಕೆ ಹೊರಟರೆ ಕೂದಲು ಉದುರುತ್ತೆ. ಹೊರಗಿನದ್ದು ತಂದಿದ್ದು ಒಳ್ಳೇ ಕೆಲಸ.

ಇನಿಟ್ ಸ್ಟ್ರಿಂಗನ್ನು ಈಗ ಮೊದಲಿದ್ದ ಹಾಗೆ ಮಾಡಿ. ಡಬ್ಲ್ಯೂವಿಡಯಲ್‌ಕಾನ್ಫ್ ಓಡಿಸಿದರೆ ಅದೇ ಮೋಡೆಮ್ ಹುಡುಕಿ ಸಾಲು ಬರೆದುಕೊಡುತ್ತೆ. ಅದರಲ್ಲಿರೋದು ಬ್ರಹ್ಮವಿದ್ಯೆ ಏನಲ್ಲ: ಕ್ಯೂ0 ಅಂದರೆ ಉತ್ತರ ಕೊಡು, ವಿ1 ಅಂದರೆ ನಂಬರ್ ಬೇಡ ಪದದಲ್ಲೇ ಹೇಳು, ಎಸ್0=0 ಅಂದರೆ ಫೋನ್ ಬಂದರೆ ನೀನು ಎತ್ತಬೇಡ, ಆ್ಯಂಪರ್ಸೆಂಡ್ ಡಿ2 ಅಂದರೆ ನಾನು ಕೈಬಿಟ್ಟರೆ ಫೋನ್ ಇಡು, ಎಫ್‌ಕ್ಲಾಸ್=0 ಅಂದರೆ ಫ್ಯಾಕ್ಸ್ ಅಲ್ಲ ಡೇಟಾ. ಇದಕ್ಕೆ ನೀವು ಸೇರಿಸಬೇಕಾಗಿ ಬರುವುದು ಒಂದೇ, ಅದೂ ‘ನೋ ಡಯಲ್‌ಟೋನ್’ ಅಂತ ಬಂದಾಗ ಮಾತ್ರ: ಎಕ್ಸ್3, ಡಯಲ್‌ಟೋನಿಗೆ ಕಾಯಬೇಡ ಅಂತ.

ಇನ್ನೊಂದು. ಕಂಪ್ಯೂಟರ್ ಹಳೇದು ಅಂದಿರಿ. ತಾರೀಖು ಸರಿ ಇದೆಯಾ ನೋಡಿ. ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿದ್ದರೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತೆ, ಆಗ ಎಚ್‌ಟಿಟಿಪಿಎಸ್ ಪುಟಗಳು ಒಂದೂ ತೆರೆಯೋದಿಲ್ಲ, ಸರ್ಟಿಫಿಕೇಟ್ ಸರಿ ಇಲ್ಲ ಅನ್ನುತ್ತೆ. ಜನ ಆಗಲೂ ಮೋಡೆಮ್ಮನ್ನೇ ಬೈಯುತ್ತಾರೆ. ತಾನೇ ತಾನಾಗಿ ಅಪ್‌ಡೇಟ್ ಹುಡುಕುವ ಸೇವೆಯನ್ನೂ ನಿಲ್ಲಿಸಿ. 40 ಕೆ ವೇಗದಲ್ಲಿ 1 ಎಂಬಿ ಇಳಿಯೋಕೆ ಮೂರೂವರೆ ನಿಮಿಷ ಬೇಕು. ನೀವು ಪುಟ ಯಾಕೆ ಬರುತ್ತಿಲ್ಲ ಅಂತ ಕೂತಿರುವಾಗ ಹಿಂದುಗಡೆ ಅದು ಪ್ಯಾಕೇಜ್ ಪಟ್ಟಿ ಇಳಿಸುತ್ತಾ ಕೂತಿರುತ್ತೆ.

ಸ್ಟುಪಿಡ್ ಮೋಡ್ ಹಾಕಿ, ರೂಟರ್ ಕೇಬಲ್ ಕಿತ್ತು, ಒಂದು ಸಲ ಡಯಲ್ ಮಾಡಿ ನೋಡಿ. ಆಗದಿದ್ದರೆ ಡೀಬಗ್ ಹಾಕಿದ ಲಾಗಿನಲ್ಲಿ ‘ಕನೆಕ್ಟ್’ನಿಂದ ಲೈನ್ ಬೀಳುವವರೆಗಿನ ಸಾಲುಗಳನ್ನು ಹಾಗೇ ಕಳಿಸಿ, ನಡುವೆ ಏನನ್ನೂ ಕತ್ತರಿಸಬೇಡಿ. ಲಾಗಿನಲ್ಲಿ ಪ್ಯಾಪ್ ಪಾಸ್‌ವರ್ಡನ್ನು ಪಿಪಿಪಿಡಿ ತಾನೇ ಮುಚ್ಚಿಡುತ್ತೆ. ಡಬ್ಲ್ಯೂವಿಡಯಲ್ ಡಾಟ್ ಕಾನ್ಫ್ ಫೈಲಿನಲ್ಲಿ ಮಾತ್ರ ಅದು ಬಟಾಬಯಲಾಗಿ ಇರುತ್ತೆ, ಆ ಫೈಲ್ ಕಳಿಸುವುದಾದರೆ ಆ ಒಂದು ಸಾಲು ಅಳಿಸಿ ಕಳಿಸಿ.